ದೊಡ್ಡಪ್ಪನ ಬಲಗೈ, ಕಾಲೇಜಿನ ಶೋಕೇಸು

"ಆಗೋ ಮಾತಲ್ಲಮ್ಮಾ ಅದು. ಒಣಗಿಹೋದ ಸ್ನಾಯು ಸಿಗ್ನಲ್ ಕೊಡಲ್ಲ" ಎಂದವರು ಬಸವನಗುಡಿಯ ನಮ್ಮ ಎಂಜಿನಿಯರಿಂಗ್ ಕಾಲೇಜಿನ ವಿಭಾಗದ ಮುಖ್ಯಸ್ಥರು.

ಆ ಸ್ನಾಯು ನನ್ನ ದೊಡ್ಡಪ್ಪನದು. ತರಗುಪೇಟೆಯ ಬೇಳೆ ಗಿರಣಿಯ ಬೆಲ್ಟಿಗೆ ಸಿಕ್ಕಿ ಅವರ ಬಲಗೈ ಮೊಣಕೈ ಕೆಳಗೆ ಹೋಗಿ ಹದಿನೈದು ವರ್ಷವಾಗಿತ್ತು. ಎಡಗೈಯಲ್ಲಿ ಉಣ್ಣುವ ನಾಚಿಕೆಗೆ ಮದುವೆ ಮನೆಗಳಲ್ಲಿ ಪಂಕ್ತಿಗೆ ಕೂರುತ್ತಿರಲಿಲ್ಲ. ಎಲ್ಲರದೂ ಮುಗಿದ ಮೇಲೆ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ದೊಡ್ಡಪ್ಪನಿಗೆ ಯಂತ್ರದ ಕೈ ಮಾಡಿಯೇ ತೀರಬೇಕೆಂದು ಹಟಕ್ಕೆ ಬಿದ್ದೆ. ಕೊಯ್ಯುವುದು, ಚುಚ್ಚುವುದು ಏನೂ ಇಲ್ಲ. ಮೋಟುಗೈಯ ಚರ್ಮಕ್ಕೆ ಸೆನ್ಸರ್ ತಾಗಿದ್ದರೆ ಸಾಕು. ಸ್ನಾಯು ಬಿಗಿ ಹಿಡಿದರೆ ಯಂತ್ರದ ಬೆರಳು ಮುಚ್ಚಬೇಕು, ಸಡಿಲ ಬಿಟ್ಟರೆ ತೆರೆಯಬೇಕು. ಎಂಟು ತಿಂಗಳಿಗೆ ದೊಡ್ಡಪ್ಪ ಆ ಕೈಯಲ್ಲಿ ಚಮಚ ಹಿಡಿದು ಉಪ್ಪಿಟ್ಟು ತಿಂದರು. ಕಾಲೇಜಿನ ಪ್ರದರ್ಶನದಲ್ಲಿ ಕೆಲಸ ಮಾಡಿದರೆ ಕೈ ದೊಡ್ಡಪ್ಪನಿಗೇ ಎಂದು ಮುಖ್ಯಸ್ಥರು ಮಾತು ಕೊಟ್ಟರು.

ಪ್ರದರ್ಶನದ ದಿನ ವೇದಿಕೆಯ ಮೇಲೆ ಬೆರಳು ಅಲುಗಲೇ ಇಲ್ಲ. ಕೈ ಬಿಚ್ಚಿ ಚರ್ಮ ಮುಟ್ಟಿದೆ. ಜಿಡ್ಡು. ಸೆನ್ಸರಿಗೆ ಸ್ನಾಯುವಿನ ಸಿಗ್ನಲ್ ಸಿಗುತ್ತಿರಲಿಲ್ಲ.

"ಒಳ್ಳೆ ದಿನ ಅಂತ ಎಣ್ಣೆಸ್ನಾನ ಮಾಡ್ಕೊಂಡ್ ಬಂದೆ ಕಣವ್ವಾ" ಎಂದರು ದೊಡ್ಡಪ್ಪ.

"ಇಂಥವ್ರಿಗೆ ಟೆಕ್ನಾಲಜಿ ಕೊಟ್ರೆ ಹೀಗೇ ನೋಡಿ" ಎಂದು ಮುಖ್ಯಸ್ಥರು ಮೈಕಿನಲ್ಲೇ ಹೇಳಿದರು. ಸಭೆ ನಕ್ಕಿತು.

ಸ್ಪಿರಿಟ್ಟಿನಲ್ಲಿ ಒರೆಸಿ ಮತ್ತೆ ತೊಡಿಸಿದೆ. ಬೆರಳು ಮುಚ್ಚಿತು. "ನಾನು ಮೊದ್ಲೇ ಹೇಳಿದ್ದೆ, ನಮ್ ವಿಭಾಗ ಮಾಡೇ ಮಾಡತ್ತೆ ಅಂತ!" ಎಂದರು ಅದೇ ಮನುಷ್ಯ.

ಮುಖ್ಯ ಅತಿಥಿ ಫೋಟೋಗಾಗಿ ಆರು ಸಲ ಆ ಕೈ ಕುಲುಕಿದರು. ಆರು ಸಲವೂ ಕರ್ಚೀಫಿನಲ್ಲಿ ತಮ್ಮ ಬೆರಳು ಒರೆಸಿಕೊಂಡರು. ಪ್ಲಾಸ್ಟಿಕ್ಕಿನಲ್ಲಿ ಅಂಟುವಂಥದ್ದೇನಿತ್ತು?

ಫೋಟೋ ಮುಗಿದದ್ದೇ ತಡ, ಮುಖ್ಯಸ್ಥರು ಪಟ್ಟಿ ಬಿಚ್ಚಿ ಕೈ ಕಳಚಿಕೊಂಡರು. "ಇದು ಲ್ಯಾಬಿನ ಶೋಕೇಸಲ್ಲಿ ಇರ್ಬೇಕಮ್ಮಾ. ಇನ್‌ಸ್ಪೆಕ್ಷನ್ ಇದೆ."

"ಮಾತು ಕೊಟ್ಟಿದ್ರಲ್ಲಾ ಸಾರ್?"

"ನೋಡೋಣ, ನೋಡೋಣ."

ಅಷ್ಟು ಜನರೆದುರು ದೊಡ್ಡಪ್ಪ ಬರಿದಾದ ಮೋಟುಗೈಯನ್ನು ಟವೆಲಿನೊಳಗೆ ಮುಚ್ಚಿಕೊಂಡರು. ಅದೇ ಹೊತ್ತಿಗೆ ನನ್ನ ಹೆಸರು ಕೂಗಿ ಪ್ರಮಾಣಪತ್ರ ಕೈಗಿತ್ತರು. ಹರಿದು ಮುಖ್ಯಸ್ಥರ ಮುಖಕ್ಕೇ ಎಸೆಯೋಣವೆನ್ನಿಸಿತು. ದೊಡ್ಡಪ್ಪನಿಗೆ ಅದು ನನ್ನ ಮುಖದಲ್ಲೇ ಕಂಡಿರಬೇಕು.

"ಹರೀಬೇಡ ಕಣವ್ವಾ" ಎಂದರು. "ಕೈ ಅವ್ರೇ ಇಟ್ಕೊಳ್ಳಿ. ಮಾಡಕ್ಕೆ ಬರೋದು ನಿಂಗೆ ತಾನೆ? ಇನ್ನೊಂದು ಮಾಡು. ಈ ಸಲ ಮನೇಲೇ ಮಾಡು."