ಹೊರಡುವ ದಿನ ನಾನು ಹೇಳಿದ ಸುಳ್ಳು

ಮೆಲ್ಬರ್ನ್‌ನಲ್ಲಿ ಮಗಳಿಗೆ ಹೆರಿಗೆಯಾಗಿ ಹೆಣ್ಣು ಮಗು ಹುಟ್ಟಿತು. ನಾನು ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನಲ್ಲಿ, ಮಗನ ಮನೆಯಲ್ಲಿದ್ದೆ. ಸಂತೋಷ ಎದೆಯಲ್ಲಿ ಹಿಡಿಸುತ್ತಿರಲಿಲ್ಲ. ಹೇಳಿಕೊಳ್ಳೋಣವೆಂದರೆ ಮಗ ಸೊಸೆ ಇಬ್ಬರೂ ಏಳಕ್ಕೇ ಕೆಲಸಕ್ಕೆ ಹೋಗಿಬಿಟ್ಟಿದ್ದರು. ಎದುರು ಮನೆಯಾಕೆ ಕಾರು ಹತ್ತುತ್ತಿದ್ದಳು. ಫೋನಿನಲ್ಲಿದ್ದ ಮಗುವಿನ ಫೋಟೋ ಎತ್ತಿ ತೋರಿಸಿದೆ. ಕೈ ಬೀಸಿ ಹೊರಟುಹೋದಳು.

ಬಾಣಂತನಕ್ಕೆಂದೇ ಈ ದೇಶಕ್ಕೆ ಬಂದವಳು ನಾನು. ಆದರೆ ಎರಡು ತಿಂಗಳ ಹಿಂದೆ ಅಡುಗೆಮನೆಯಲ್ಲಿ ತಲೆಸುತ್ತಿ ಬಿದ್ದೆ. ಬಿಪಿ ಏರಿದೆಯೆಂದು ಆಸ್ಪತ್ರೆಯಲ್ಲಿ ಎರಡು ರಾತ್ರಿ ಇಟ್ಟುಕೊಂಡರು. ಮೊದಲೇ ಇದ್ದ ಕಾಯಿಲೆ ಮುಚ್ಚಿಟ್ಟಿದ್ದೀರಿ ಎಂದು ಇನ್ಶೂರೆನ್ಸ್‌ನವರು ದುಡ್ಡು ಕೊಡಲಿಲ್ಲ. ಮಗ ಅವರೊಡನೆ ಜಗಳವಾಡುತ್ತಿರುವಾಗಲೇ ಆಸ್ಪತ್ರೆಯ ಬಿಲ್ಲು ಸಾಲ ವಸೂಲಿ ಮಾಡುವ ಕಂಪನಿಯ ಕೈಗೆ ಹೋಯಿತು. "ಇದು ಮುಗಿಯೋ ತನಕ ಮೆಲ್ಬರ್ನ್ ಬೇಡಮ್ಮ, ಅಲ್ಲೂ ಬಿದ್ರೆ ಏನ್ ಮಾಡೋದು?" ಎಂದ.

ನನಗೆ ಬಿಪಿ ಇತ್ತು. ಆರು ವರ್ಷದಿಂದ ದಿನಾ ಅರ್ಧ ಮಾತ್ರೆ ನುಂಗುತ್ತಿದ್ದೆ. ಊರಿಂದ ಹೊರಡುವ ದಿನ, ಸೂಟ್‌ಕೇಸಿಗೆ ಅರಿಶಿನ ಕುಂಕುಮ ಹಚ್ಚಿ ನಿಂತಿದ್ದಾಗ, ಇನ್ಶೂರೆನ್ಸ್ ಫಾರಂ ತುಂಬಲು ಮಗ ಫೋನಿನಲ್ಲಿ ಕೇಳಿದ, ಏನಾದರೂ ಕಾಯಿಲೆ ಇದೆಯಾ ಎಂದು. ಪ್ರಯಾಣ ಹೊರಟವರ ಮುಂದೆ ಕಾಯಿಲೆಯ ಹೆಸರು ಎತ್ತುವುದು ನಮ್ಮ ಮನೆಯಲ್ಲಿ ಯಾವತ್ತೂ ಇಲ್ಲ. "ಏನೂ ಇಲ್ಲ ಕಣಪ್ಪ, ಗುಂಡುಕಲ್ಲಿನ ಹಾಗಿದೀನಿ" ಅಂದುಬಿಟ್ಟೆ. ಆಮೇಲೆ ಹೇಳಲು ನಾಚಿಕೆಯಾಗಿ ಮಾತ್ರೆಗಳನ್ನು ಮೆಂತ್ಯದ ಡಬ್ಬಿಯಲ್ಲಿ ಹುದುಗಿಸಿಟ್ಟೆ. ಆಸ್ಪತ್ರೆಯಲ್ಲಿ ಡಾಕ್ಟರು ಅಂಥದ್ದೇ ಬಿಪಿ ಮಾತ್ರೆ ತೋರಿಸಿ, ಮೊದಲೂ ನುಂಗುತ್ತಿದ್ದಿರಾ ಎಂದು ಕೇಳಿದಾಗ ಹೂಂ ಎಂದು ತಲೆಯಾಡಿಸಿದ್ದೆ, ಅವರು ಬರೆದುಕೊಂಡರು. ಅಮ್ಮ ಇಂಗ್ಲಿಷ್ ಅರ್ಥವಾಗದೆ ತಲೆಯಾಡಿಸಿದ್ದಾಳೆ ಎಂಬುದೇ ಮಗನ ವಾದ. ಹಾಗೆಂದು ಒಂದು ಕಾಗದ ಬರೆದು, ಸಂಜೆ ಸೈನ್ ಹಾಕಬೇಕೆಂದು ಊಟದ ಟೇಬಲ್ಲಿನ ಮೇಲಿಟ್ಟು ಹೋಗಿದ್ದ.

ಆವತ್ತೇ ಫೋನ್ ಬಂತು. ವಸೂಲಿ ಕಂಪನಿಯ ಹೆಂಗಸು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಹಿಂದೆಯೇ ಇನ್ನೊಂದು ದನಿ.

"ನಮಸ್ಕಾರ ಅಮ್ಮ. ನಾನು ಇಂಟರ್‌ಪ್ರಿಟರ್, ಅವರ ಮಾತು ನಿಮಗೆ ಕನ್ನಡದಲ್ಲಿ ಹೇಳ್ತೀನಿ."

"ಅಯ್ಯೋ, ಕನ್ನಡದವಳೇನಮ್ಮ! ಎಲ್ಲಿಂದ ಮಾತಾಡ್ತಿದೀಯ?"

"ಮೆಲ್ಬರ್ನ್‌ನಿಂದ."

"ನನ್ನ ಮಗಳೂ ಅಲ್ಲೇ! ನಿನ್ನೆ ರಾತ್ರಿ ಹೆಣ್ಣು ಮಗು ಆಯ್ತು ಕಣಮ್ಮ!"

"ಅಮ್ಮ, ನೀವು ಏನಂದ್ರೂ ನಾನು ಅವರಿಗೆ ಹೇಳಲೇಬೇಕಾಗುತ್ತೆ."

"ಹೇಳು ಮತ್ತೆ. ತಲೆ ತುಂಬ ಕೂದಲು, ಅದನ್ನೂ ಹೇಳು."

ಹೇಳಿದಳು. ಆ ಹೆಂಗಸು ಕಂಗ್ರಾಜುಲೇಷನ್ಸ್ ಅಂದಳು. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ. ಕಣ್ಣು ತುಂಬಿ ಬಂತು. ಹೊರಗಿನವರಲ್ಲಿ ಹಾಗೆ ಹೇಳಿದವಳು ಅವಳೊಬ್ಬಳೇ. ಆಮೇಲೆ ಇಂಟರ್‌ಪ್ರಿಟರ್ ಕೈಲಿ ಕೇಳಿಸಿದಳು, ಮೊದಲೇ ಬಿಪಿ ಇತ್ತೆಂಬುದನ್ನು ಮಗ ಒಪ್ಪುತ್ತಿಲ್ಲವಂತೆ, ನೀವು ಏನನ್ನುತ್ತೀರಿ ಎಂದು.

ಟೇಬಲ್ಲಿನ ಮೇಲಿದ್ದ ಮಗನ ಕಾಗದವನ್ನು ಪಕ್ಕಕ್ಕೆ ಸರಿಸಿದೆ. "ಬಿಪಿ ಇತ್ತಮ್ಮ. ನಾನೇ ಹೇಳಿರಲಿಲ್ಲ" ಎಂದೆ.

ಒಂದು ತಿಂಗಳು ಕಾಯುತ್ತೇವೆ, ಕಂತಿನಲ್ಲಿಯೂ ಕಟ್ಟಬಹುದು, ಮಗನಿಗೆ ಹೇಳಿ ಎಂದರು. ಫೋನ್ ಇಡುವ ಮೊದಲು ಕನ್ನಡದವಳಿಗೆ, "ನಿಂದು ಊಟ ಆಯ್ತೇನಮ್ಮ?" ಎಂದೆ. ಇಂಟರ್‌ಪ್ರಿಟರ್ ಅದನ್ನೂ ಇಂಗ್ಲಿಷ್ ಮಾಡಿದಳು. ಆ ಹೆಂಗಸು ನಕ್ಕಳು. ಲೈನ್ ಕಟ್ಟಾಯಿತು. ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಬಿಟ್ಟರೆ ಮನೆಯಲ್ಲಿ ಮತ್ತೆ ಸದ್ದಿಲ್ಲ.

ಸಂಜೆ ಮಗ ಪೆನ್ನು ಕೊಟ್ಟ. ಸೈನ್ ಹಾಕಲ್ಲ ಎಂದು ಎಲ್ಲವನ್ನೂ ಹೇಳಿದೆ.

"ಏನಮ್ಮ ನೀನು! ಅವರ ಹತ್ರ ಎಷ್ಟು ಜೋರು ಮಾಡಿದೀನಿ ಗೊತ್ತಾ? ಮುಖ ಎಲ್ಲಿಡ್ಲಿ ನಾನು?"

"ಹೊರಡೋ ಹೊತ್ತಲ್ಲಿ ಬಾಯಿ ಬರಲಿಲ್ಲ ಕಣೋ."

ಕಾಗದ ಹರಿದ. ಕುರ್ಚಿ ಎಳೆದುಕೊಂಡು ನನ್ನೆದುರು ಕೂತ. "ಇನ್ನೇನೇನಿದೆ, ಎಲ್ಲಾ ಹೇಳಿಬಿಡು. ಕಂತು ಮಾಡಿಸಿ ಮೆಲ್ಬರ್ನ್‌ಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಮೊದಲು ಡಾಕ್ಟರಿಗೆ ತೋರಿಸ್ಬೇಕು."

ಮಂಡಿನೋವು ಹೇಳಿದೆ. ಎಡಗಣ್ಣಿನ ಪೊರೆ ಹೇಳಿದೆ. ಅವನು ಬರೆದುಕೊಳ್ಳುತ್ತಿದ್ದ. ಇಲ್ಲಿಗೆ ಬಂದಮೇಲೆ ನನ್ನ ಮುಂದೆ ಅಷ್ಟು ಹೊತ್ತು ಅವನು ಕೂತದ್ದೇ ಇಲ್ಲ. ಬೇಗ ಮುಗಿದರೆ ಎದ್ದುಬಿಡುತ್ತಾನಲ್ಲ ಎಂದು, ಎಂದೋ ವಾಸಿಯಾಗಿದ್ದ ಕಿವಿನೋವನ್ನೂ ಮೊದಲಿಂದ, ನಿಧಾನವಾಗಿ ಹೇಳತೊಡಗಿದೆ.