ಲಕ್ಕಪ್ಪನ ಗಾಡಿಗೆ ಮೂರು ಪಾಟಾ ಹೆಚ್ಚಾದದ್ದು

ಯಮನೂರಿನ ಲಕ್ಕಪ್ಪ ತನ್ನ ಪಿಕಪ್ ಗಾಡಿಯನ್ನು ತಂದದ್ದು ಮದುವೆಗಿಂತ ಎರಡು ವರ್ಷ ಮೊದಲು. ಆಗಲೇ ಅದು ಯಾರೋ ಓಡಿಸಿ ಸಾಕಾಗಿ ಮಾರಿದ ಗಾಡಿ. ಆಮೇಲೆ ಹೆಂಡತಿಯಾಗಿ ಮನೆಗೆ ಬಂದ ಫಕೀರವ್ವ, ಇವಳು ತನಗಿಂತ ಹಿರಿಯ ಸವತಿಯೆಂದು, ಅದಕ್ಕೆ ‘ಹಿರೇಕಿ’ ಎಂದೇ ಹೆಸರಿಟ್ಟಳು. ತಪ್ಪೇನಿಲ್ಲ ಬಿಡಿ. ಬೆಳಗಾಗೆದ್ದರೆ ಲಕ್ಕಪ್ಪ ಮೊದಲು ಹಿರೇಕಿಯ ಮುಖ ಒರೆಸಿ, ಆಕೆಗೆ ನೀರು ಕುಡಿಸಿ, ಆಮೇಲೆ ತಾನು ಚಹಾ ಕುಡಿಯುವವ. ದೇವರಿಗೆ ಒಂದು ಊದಿನಕಡ್ಡಿ, ಗಾಡಿಗೆ ಎರಡು. ದೇವರು ಏನೂ ಅನ್ನಲಿಲ್ಲ. ಫಕೀರವ್ವ ಅಂದಳು.

ಕಡ್ಲಿ ಸುಗ್ಗಿ ಬಂತೆಂದರೆ ಲಕ್ಕಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ. ಇಪ್ಪತ್ತು ಚೀಲ ಹೊರುವ ಗಾಡಿಗೆ ಮೂವತ್ತು ಹೇರುತ್ತಿದ್ದ. ಹಿಂದಿನ ಭಾಗ ಗಾಲಿಯ ಮೇಲೆ ಕುಸಿದು, ಟೈಯರ್ ಉಜ್ಜಿ ವಾಸನೆ ಬರುತ್ತಿತ್ತು. ಮೂತಿ ಮೇಲಕ್ಕೆದ್ದು, ದೀಪದ ಬೆಳಕು ರಸ್ತೆ ಬಿಟ್ಟು ಬೇವಿನ ಗಿಡಕ್ಕೆ ಬಿದ್ದು, ಆಗಷ್ಟೇ ಕಣ್ಣು ಮುಚ್ಚಿದ ಕಾಗೆಗಳು ಎದ್ದು ಬೈಯುತ್ತಿದ್ದವು. ಬೈಯಲು ಕಾಗೆಗಳೇ ಬೇಕೇ, ಊರ ಕಟ್ಟೆಯ ಮೇಲೆ ಕೂರುವ ಸಂಗನಬಸವ ಕಾಕಾ ಒಬ್ಬ ಸಾಲದೇ? ಆತನ ಮೈಯೇ ಎರಡು ಚೀಲದಷ್ಟು, ಬಾಯಿ ಮೂರು ಚೀಲದಷ್ಟು.

“ಏ ಲಕ್ಕಪ್ಪಾ, ನಿನ್ನ ಗಾಡಿ ಬಯಲಕಡಿಗೆ ಕುಂತಾಂಗ ಕುಂತೈತಲ್ಲೋ! ಒಂದ್ ತಂಬಿಗಿ ನೀರ ಕೊಡ್ಲೇನು?”

ತನ್ನನ್ನು ಬೈದಿದ್ದರೆ ಲಕ್ಕಪ್ಪ ತಡೆದುಕೊಳ್ಳುತ್ತಿದ್ದ. ಹಿರೇಕಿಯನ್ನು ಅಂದದ್ದು ತಡೆಯಲಾಗಲಿಲ್ಲ. ಮರುದಿನವೇ ನವಲಗುಂದದ ಗುಲಾಮಹುಸೇನನ ಗ್ಯಾರೇಜಿಗೆ ಹೋದ. ಗುಲಾಮಹುಸೇನನೆಂದರೆ ಪಾಟಾ ಕೆಲಸಕ್ಕೆ ಹೆಸರಾದವ. ಪಾಟಾ ಅಂದರೆ ಹಿಂದಿನ ಗಾಲಿಗಳ ಮೇಲೆ, ಬಿಲ್ಲು ಬಾಗಿದ ಹಾಗೆ, ಒಂದರ ಮೇಲೊಂದು ಕಟ್ಟಿರುವ ಉಕ್ಕಿನ ಪಟ್ಟಿಗಳು. ಭಾರವನ್ನು ಹೊರುವುದೂ ಅವೇ, ತಗ್ಗುದಿನ್ನೆಯಲ್ಲಿ ತೊಟ್ಟಿಲು ತೂಗಿದ ಹಾಗೆ ತೂಗುವುದೂ ಅವೇ.

“ಒಂದೊಂದು ಬಾಜುಕ ಮೂರ್ಮೂರು ಪಾಟಾ ಹೆಚ್ಚಿಗಿ ಹಾಕು ಚಾಚಾ,” ಎಂದ ಲಕ್ಕಪ್ಪ.

“ಒಂದ ಸಾಕಲೇ ತಮ್ಮಾ. ಮೂರ ಹಾಕಿದ್ರ ಖಾಲಿ ಇದ್ದಾಗ ಗಾಡಿ ಕಲ್ಲ ಆಗತೈತಿ. ಮತ್ತ ಪಾಟಾ ಅಷ್ಟ ಗಟ್ಟಿ ಆದ್ರ ಆತೇನು? ಬ್ರೇಕ್ ಹಳೇದು, ಟೈಯರ್ ಹಳೇದು, ನೀನೂ ಹಳೇದು.”

“ನೀ ಹಾಕ್ತಿಯೋ ಇಲ್ಲೋ?”

ಗುಲಾಮಹುಸೇನ ಹಾಕಿದ. ಹಳೆಯ ಲಾರಿಯ ಪಾಟಾ ತಂದು, ಅಳತೆಗೆ ಕೊಯ್ದು, ಬೋಲ್ಟು ಬಿಗಿದ. ಹಿರೇಕಿ ಹಿಂದೆ ಒಂದು ಗೇಣು ಎತ್ತರವಾದಳು. ಮೂವತ್ತು ಚೀಲ ಹೇರಿದರೂ ಜಗ್ಗಲಿಲ್ಲ. ಲಕ್ಕಪ್ಪ ಕೆಲಸವಿಲ್ಲದಿದ್ದರೂ ಕಟ್ಟೆಯ ಮುಂದೆ ಎರಡು ಸಲ ಹಾಯ್ದ. ಸಂಗನಬಸವ ಕಾಕಾ ಎಲೆಯಡಿಕೆ ಜಗಿಯುತ್ತ ಸುಮ್ಮನೆ ನೋಡಿದ. ಅಷ್ಟೇ ಬೇಕಿತ್ತು.

ಸುಗ್ಗಿ ಮುಗಿಯಿತು, ಗಾಡಿ ಖಾಲಿಯಾಯಿತು, ಆಗ ಶುರುವಾಯಿತು ನೋಡಿ. ಸಂತೆಯಿಂದ ಹಿಂದೆ ಕೂತು ಬಂದ ಅಜೀಜಾಬಿ ಊರ ಅಗಸಿ ಬಾಗಿಲಲ್ಲಿ ಇಳಿದಾಗ ಆಕೆಯ ಹಲ್ಲಿನ ಸೆಟ್ಟು ಆಕೆಯ ಕೈಯಲ್ಲಿತ್ತು.

“ಲೇ ಲಕ್ಕ್ಯಾ, ಇದು ಗಾಡಿ ಏನೋ, ಹುಚ್ಚ ಹಿಡದ ಆಡ ಏನೋ? ನಾಕ್ ಸಲ ಮ್ಯಾಲೆ ಹೋಗಿ ಅಲ್ಲಾನ್ನ ನೋಡಿ ಬಂದೆ!”

ಈ ಅಜೀಜಾಬಿ ಫಕೀರವ್ವನ ಜೊತೆ ರೊಟ್ಟಿ ಬಡಿಯುವವಳು. ಫಕೀರವ್ವನ ಹಿತ್ತಲಲ್ಲಿ ಎಂಟು ಒಲೆ, ಎಂಟು ಹೆಂಗಸರು. ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಒಣಗಿಸಿಟ್ಟ ಜೋಳದ ಖಡಕ್ ರೊಟ್ಟಿ. ಕುಂದಗೋಳದ ಕಸ್ತೂರೆವ್ವ ತನ್ನ ಮಗನ ಮದುವೆಗೆ ಎರಡು ಸಾವಿರ ರೊಟ್ಟಿ ಹೇಳಿದ್ದಳು. ಅಷ್ಟು ದೊಡ್ಡ ಮನೆ ಇವರನ್ನು ಕೇಳಿದ್ದು ಅದೇ ಮೊದಲು. ಕಸ್ತೂರೆವ್ವ ಒಂದೇ ಮಾತು ಹೇಳಿದ್ದಳು: “ಇಡೀ ರೊಟ್ಟಿ ಬೇಕು. ಎಲಿ ಮ್ಯಾಲೆ ಚೂರು ಬಿದ್ರ ಬೀಗರ ಮುಂದ ನನ್ನ ಮಾನ ಹೋಗತೈತಿ, ಆಮ್ಯಾಲೆ ನಿಮ್ಮ ಒಲಿ ಕಡೆ ಯಾರೂ ತಿರುಗಿ ನೋಡೂದಿಲ್ಲ.”

ಮದುವೆಯ ಹಿಂದಿನ ದಿನ ಫಕೀರವ್ವ ಐವತ್ತು ರೊಟ್ಟಿಯನ್ನು ಬುಟ್ಟಿಯಲ್ಲಿಟ್ಟು, “ಹಳ್ಳದ ತನಕಾ ಹೋಗಿ ಬರ್ರಿ, ನೋಡೂಣು,” ಎಂದು ಗಂಡನನ್ನು ಕಳಿಸಿದಳು. ಲಕ್ಕಪ್ಪ ಉಸಿರು ಬಿಗಿಹಿಡಿದು, ಬಸುರಿಯನ್ನು ಕರೆದೊಯ್ಯುವವನಂತೆ ಹೋಗಿ ಬಂದ. ಬಟ್ಟೆ ತೆಗೆದರೆ ಇಡಿಯಾಗಿ ಉಳಿದದ್ದು ಒಂಬತ್ತು. ಕೋಳಿಗಳು ಓಡಿ ಬಂದವು.

ಫಕೀರವ್ವ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹದಿನೈದು ದಿನ ಹೊಗೆಯಲ್ಲಿ ಕೆಂಪಾದ ಎಂಟು ಹೆಂಗಸರ ಕಣ್ಣುಗಳು ಲಕ್ಕಪ್ಪನ ಮೇಲೆಯೇ ಇದ್ದವು.

“ಬ್ಯಾರೆ ಗಾಡಿ ನೋಡ್ಲೇನು?” ಎಂದ ಮೆಲ್ಲಗೆ.

“ನಾಳೆ ಲಗ್ನ ಎಷ್ಟ ಅದಾವ ಗೊತ್ತೇನ್ರಿ? ಎಲ್ಲಾ ಗಾಡಿ ಹೋಗ್ಯಾವು.”

“ಹಂಗಾರ ಭಾರ ಹೇರೂಣು. ಭಾರ ಇದ್ರ ಹಿರೇಕಿ ಮೆತ್ತಗ ಹೋಗ್ತಾಳು. ಉಸುಕಿನ ಚೀಲ?”

“ಬೀಗರು ರೊಟ್ಟಿ ತಿನ್ನಬೇಕೋ, ಉಸುಕ ತಿನ್ನಬೇಕೋ?”

“ನೀರಿನ ಡ್ರಮ್ಮು?”

“ತುಳುಕಿದ್ರ ರೊಟ್ಟಿ ಹೋಗಿ ಅಂಬಲಿ ಆಗತೈತಿ.”

ಅಜೀಜಾಬಿ ಹಲ್ಲಿನ ಸೆಟ್ಟು ಸರಿಮಾಡಿಕೊಂಡು ಹೇಳಿದಳು: “ನಾವ ಹತ್ತೂಣು ತಗೋಬೇ. ಒಬ್ಬೊಬ್ಬರ ತೊಡಿ ಮ್ಯಾಲೆ ಒಂದೊಂದ ಬುಟ್ಟಿ. ಕೆಳಗ ಭಾರಾನೂ ಆತು, ಮ್ಯಾಲೆ ಮೆತ್ತಗೂ ಆತು.”

ಎಂಟು ಹೆಂಗಸರು ಸಾಲದು ಎಂದ ಲಕ್ಕಪ್ಪ. ಅವರಲ್ಲಿ ಮೂವರಂತೂ ಗಾಳಿ ಬಂದರೆ ಹಾರುವಂಥವರು. ದಪ್ಪನೆಯವರು ಬೇಕು. ಊರಲ್ಲಿ ದಪ್ಪನೆಯವರೆಂದರೆ ಮೊದಲು ನೆನಪಾಗುವವನು ಯಾರು? ಲಕ್ಕಪ್ಪ ಕಟ್ಟೆಯ ಮುಂದೆ ಕೈಕಟ್ಟಿ ನಿಂತ.

“ಕಾಕಾ, ನಾಳೆ ಕುಂದಗೋಳಕ್ಕ ಬರಬೇಕ್ರಿ.”

“ನನ್ನ ಯಾರೂ ಕರದಿಲ್ಲಲ್ಲೋ.”

“ನಾ ಕರ್ಯಾಕತ್ತೇನ್ರಿ. ಗಾಡ್ಯಾಗ ಭಾರಕ್ಕ.”

ಸಂಗನಬಸವ ಕಾಕಾ ಅರೆಗಳಿಗೆ ಲೆಕ್ಕಹಾಕಿದ. “ಊಟಕ್ಕ ಗೋಧಿ ಹುಗ್ಗಿ ಐತೇನು?”

ಮರುದಿನ ಬೆಳಿಗ್ಗೆ ಅವನು ಹತ್ತುವಾಗ ಇಬ್ಬರು ಮೇಲಿಂದ ಎಳೆದರು, ಲಕ್ಕಪ್ಪ ಕೆಳಗಿಂದ ತಲೆಕೊಟ್ಟು ನೂಕಿದ. ಹೆಂಗಸರ ಜೊತೆ ಅವರ ಗಂಡಂದಿರು, ಒಬ್ಬಳ ಅತ್ತೆ, ಒಟ್ಟು ಹದಿನೇಳು ಮಂದಿ. ಹಿರೇಕಿ ನಿಟ್ಟುಸಿರು ಬಿಟ್ಟು ನಾಲ್ಕು ಬೆರಳು ಇಳಿದಳು. ಲಕ್ಕಪ್ಪ ಕೆಳಗೆ ಬಗ್ಗಿ ಪಾಟಾ ನೋಡಿ, “ಇನ್ನೊಬ್ಬರು ದಪ್ಪನವರು ಯಾರರ ಅದಾರೇನ್ರಿ?” ಎಂದು ಕೂಗಿದ. ಯಾರೂ ತಾನು ಎನ್ನಲಿಲ್ಲ.

ಎರಡು ತಾಸಿನ ದಾರಿಗೆ ನಾಲ್ಕು ತಾಸು ಹಿಡಿಯಿತು. ತಗ್ಗು ಬಂದಾಗೆಲ್ಲ ಫಕೀರವ್ವ, “ಎತ್ರಿ!” ಎನ್ನುವಳು. ಎಲ್ಲರೂ ಬುಟ್ಟಿಯನ್ನು ತೊಡೆಯಿಂದ ಮೇಲೆತ್ತಿ ಹಿಡಿಯುವರು. ಎತ್ತಿನ ಬಂಡಿಯೊಂದು ಇವರನ್ನು ದಾಟಿ ಹೋಯಿತು. ಬಂಡಿಯವನು ಸಂತಾಪದಿಂದ, “ಯಾರ ತೀರಿಕೊಂಡ್ರು?” ಎಂದು ಕೇಳಿದ.

ಕಸ್ತೂರೆವ್ವ ಬಾಗಿಲಲ್ಲೇ ನಿಂತು ಒಂದೊಂದೇ ಬುಟ್ಟಿಯ ಬಟ್ಟೆ ಸರಿಸಿದಳು. ಲಕ್ಕಪ್ಪನಿಗೆ ಅವಳ ಬೆರಳು ಬಿಟ್ಟು ಬೇರೇನೂ ಕಾಣಲಿಲ್ಲ. ಎಲ್ಲಾ ಬುಟ್ಟಿ ಮುಗಿದಾಗ ಒಡೆದ ರೊಟ್ಟಿ ಅವಳ ಒಂದು ಕೈಯಲ್ಲಿ ಹಿಡಿಸುವಷ್ಟಿತ್ತು.

“ಛಲೋ ತಂದೀರಿ,” ಎಂದಳು. ಆಮೇಲೆ ಗಾಡಿಯಿಂದ ಇನ್ನೂ ಇಳಿಯುತ್ತಲೇ ಇದ್ದ ಸಂಗನಬಸವ ಕಾಕಾನನ್ನು ನೋಡಿ, “ಇವರೆಲ್ಲಾ ಯಾರ್ರೀ?” ಎಂದಳು.

“ರೊಟ್ಟಿ ಜೋಡಿ ಬಂದವ್ರು ರೀ,” ಎಂದಳು ಫಕೀರವ್ವ, ಮುಖ ಅಲುಗಿಸದೆ. “ಇವ್ರಿಲ್ಲಂದ್ರ ರೊಟ್ಟಿ ಬರ್ತಿರಲಿಲ್ಲ.”

ಕಾಕಾ ಮೂರು ಸಲ ಹುಗ್ಗಿ ಬಡಿಸಿಕೊಂಡ. ಬೀಳ್ಕೊಡುವಾಗ ಕಸ್ತೂರೆವ್ವ ಫಕೀರವ್ವನ ಉಡಿ ತುಂಬಿ ಹೇಳಿದಳು: “ಬರೂ ತಿಂಗಳ ನಮ್ಮ ತಂಗಿ ಮನ್ಯಾಗ ತೊಟ್ಟಿಲ ಕಾರ್ಯ ಐತಿ. ಅಲ್ಲಿಗೂ ಸಾವಿರ ರೊಟ್ಟಿ ಬೇಕು. ಮಂದಿ ಸ್ವಲ್ಪ ಕಡಿಮಿ ಕರಕೊಂಡ ಬರ್ರಿ.”

ಮರುದಿನ ಲಕ್ಕಪ್ಪ ನವಲಗುಂದಕ್ಕೆ ಹೋದ.

“ಎರಡೆರಡ ಪಾಟಾ ತಗದ ಹಾಕು ಚಾಚಾ. ಒಂದೊಂದ ಇರಲಿ.”

“ಸುಗ್ಗ್ಯಾಗ ಮೂವತ್ತ ಚೀಲ ಹ್ಯಾಂಗ ಹೊಡಿತೀಯಲೇ?”

“ಇಪ್ಪತ್ತು ಹೇರತೇನಿ. ಎರಡ ಸಲ ಹೋದ್ರಾತು.”

ಗುಲಾಮಹುಸೇನ ಬೋಲ್ಟು ತಿರುಗಿಸುವ ಪಾನಾ ಕೆಳಗಿಟ್ಟು ಅವನ ಮುಖ ನೋಡಿದ. “ಇಷ್ಟ ಬುದ್ಧಿಮಾತು ನಿಂದಲ್ಲ. ಫಕೀರವ್ವ ಹೇಳಿ ಕಳಿಸ್ಯಾಳ ಹೌದಲ್ಲೋ?”

ಲಕ್ಕಪ್ಪ ಗಾಡಿಯ ಕೆಳಗೆ ತೂರಿ, ಬೋಲ್ಟು ತಾನೇ ಬಿಚ್ಚತೊಡಗಿದ.