ಐಸಿನ ಮೇಲೆ ಹೊರಿಸಿದ ತಪ್ಪು

ಉರ್ವ ಮಾರ್ಕೆಟ್ಟಿನಲ್ಲಿ ದೇಯಿಯ ಬಂಗುಡೆಯನ್ನು ಯಾರಾದರೂ ಹಳತು ಎಂದರೆ ಅವರ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. ಕಿವಿರು ಎತ್ತಿ, ಹೊಟ್ಟೆ ಒತ್ತಿ, ಮೀನನ್ನು ತಿರುಗಿಸಿ ತೋರಿಸಿ, ಬಂದವರ ಬಾಯಿ ಮುಚ್ಚಿಸಿಯೇ ಬಿಡುವಳು. ಮೂವತ್ತೈದು ವರ್ಷಗಳಿಂದ ಇದೇ ಕೆಲಸ. ಆ ಮೂವತ್ತೈದು ವರ್ಷವೂ ಅವಳ ಪಾದಗಳಿದ್ದದ್ದು ಐಸು ಕರಗಿದ ನೀರಿನಲ್ಲಿ.

ಎರಡು ವರ್ಷಗಳಿಂದ ಪಾದಗಳಿಗೆ ಜೋಮು ಹಿಡಿದಿತ್ತು. ಐಸಿನ ಉಪದ್ರ ಎಂದಳು ದೇಯಿ. ಪಕ್ಕದಲ್ಲಿ ಮೀನು ಕತ್ತರಿಸುವ ನೋಣಯ್ಯ, "ನನಗೂ ಹಾಗೆಯೇ, ಎಂತ ಮಾಡುದು?" ಎಂದ. ಇಬ್ಬರಿಗೂ ಸಕ್ಕರೆ ಕಾಯಿಲೆ. ಮಾತ್ರೆ ನುಂಗುವುದು ನೆನಪಾದ ದಿನ ಮಾತ್ರ. ಮನೆಗೆ ಹೋದವಳೇ ದೇಯಿ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಡುತ್ತಿದ್ದಳು. ನೀರಿನ ಬಿಸಿ ಕೈಗೆ ಗೊತ್ತಾಗುತ್ತಿತ್ತೇ ಹೊರತು ಕಾಲಿಗಲ್ಲ. ಅದನ್ನೂ ಐಸಿನ ತಲೆಗೇ ಕಟ್ಟಿದಳು.

ಜೂನ್ ಬಂತು. ಮಳೆಗಾಲದ ಮೀನುಗಾರಿಕೆ ನಿಷೇಧ, ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ದೇಯಿ ಒಣಮೀನು ಮಾರಲು ಕೂತಳು. ಜುಲೈ ತಿಂಗಳ ಒಂದು ಬೆಳಿಗ್ಗೆ ಚಹಾ ಕುಡಿದು ಬರುವಾಗ ಅವಳ ಹಳೆಯ ಗಿರಾಕಿ, ನರ್ಸ್ ಜಾಯ್ಸ್, ಹಿಂದಿನಿಂದ ಕೂಗಿದಳು.

"ದೇಯಕ್ಕ, ನಿಮ್ಮ ಒಂದು ಚಪ್ಪಲಿ ಇಲ್ಲಿ ದಾರಿಯಲ್ಲಿ ಉಂಟಲ್ಲ!"

ದೇಯಿ ಕೆಳಗೆ ನೋಡಿದಳು. ಎಡಗಾಲು ಬರಿಗಾಲು. "ಗೊತ್ತೇ ಆಗ್ಲಿಲ್ಲ ಸಿಸ್ಟರ್. ಐಸಿಗೆ ಕಾಲು ಮರಗಟ್ಟಿದೆ."

"ಎಲ್ಲಿಯ ಐಸ್? ನೀವು ಐಸ್ ಮುಟ್ಟದೆ ಒಂದೂವರೆ ತಿಂಗಳಾಯ್ತು ಮಾರಾಯ್ರೆ."

ಜಾಯ್ಸ್ ದೇಯಿಯನ್ನು ಅಲ್ಲೇ ಕೂರಿಸಿ ಪಾದ ತಿರುಗಿಸಿದಳು. ಕಿರುಬೆರಳ ಬುಡದಲ್ಲಿ ಒಣಮೀನಿನ ಮುಳ್ಳೊಂದು ಮುರಿದು ಕೂತಿತ್ತು. ಬೆರಳು ಕಪ್ಪಾಗಿ ಕೀವು ತುಂಬಿತ್ತು. ಎಷ್ಟು ದಿನದ್ದೋ! ನೋವು ಮಾತ್ರ ಇರಲಿಲ್ಲ. ನೋವಿಲ್ಲದ್ದೇ ಅಪಾಯ ಎನ್ನುತ್ತ ಜಾಯ್ಸ್ ಅವಳನ್ನು ನೇರ ಆಸ್ಪತ್ರೆಗೆ ರಿಕ್ಷಾ ಹತ್ತಿಸಿದಳು.

ಡಾಕ್ಟರು ಕಣ್ಣು ಮುಚ್ಚಲು ಹೇಳಿ, ಗಾಳದ ದಾರದಂಥ ನೈಲಾನ್ ಎಳೆಯಿಂದ ಪಾದವನ್ನು ಹತ್ತು ಕಡೆ ಮುಟ್ಟಿದರು. ದೇಯಿಗೆ ತಿಳಿದದ್ದು ಎರಡೇ ಕಡೆ. ನರ ಕೆಡಿಸಿದ್ದು ಐಸಲ್ಲ, ಶುಗರ್ ಎಂದರು. ಪಾದ ಉಳಿಯಬೇಕಾದರೆ ಬೆರಳು ತೆಗೆಯಲೇಬೇಕಿತ್ತು, ತೆಗೆದರು. ದೇಯಿ ಅತ್ತಳು, ಬೆರಳು ಹೋಯಿತೆಂದಲ್ಲ, ತನ್ನ ಮೇಲಿನ ಸಿಟ್ಟಿಗೆ. ದಿನಕ್ಕೆ ನೂರು ಮೀನು ತಿರುಗಿಸಿ ನೋಡುವವಳು ಒಂದು ದಿನವೂ ತನ್ನ ಅಂಗಾಲು ತಿರುಗಿಸಿ ನೋಡಿರಲಿಲ್ಲ.

ಗಾಯ ಮಾಯುವಾಗ ಅಕ್ಟೋಬರ್ ಆಯಿತು. ಈಗ ಅವಳು ಬೆರಳು ಮುಚ್ಚುವ ಮೆತ್ತನೆಯ ಶೂ ಹಾಕಿ, ನೀರು ತಾಗದಂತೆ ಎತ್ತರದ ಸ್ಟೂಲಿನ ಮೇಲೆ ಕೂರುತ್ತಾಳೆ. ಮಾತ್ರೆ ತಪ್ಪಿಸುವುದಿಲ್ಲ. ಸಂಜೆ ಪಾದ ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡದೆ ಊಟಕ್ಕೆ ಏಳುವುದಿಲ್ಲ. ಬಿಸಿನೀರಿನ ಬಕೆಟ್ಟು ಬಟ್ಟೆ ನೆನೆಹಾಕಲು ಹೋಯಿತು.

ಮಾರ್ಕೆಟ್ಟಿಗೆ ಮರಳಿದ ಮೊದಲ ದಿನವೇ ನೋಣಯ್ಯನ ಬೆನ್ನು ಬಿದ್ದಳು. "ಕಾಲು ತೋರಿಸು."

"ಗಿರಾಕಿ ಉಂಟು ಮಾರಾಯ್ತಿ. ನನ್ನದು ಬರೀ ಐಸಿಂದು."

"ಗಿರಾಕಿ ನಿಲ್ತಾರೆ. ಕೂತ್ಕೊ. ಕಣ್ಣು ಮುಚ್ಚು. ಮುಟ್ಟಿದಾಗ ಹೇಳು."

ಗೊಣಗುತ್ತಲೇ ಕೂತ. ದೇಯಿ ಸೆರಗಿನ ಗಂಟಿನಿಂದ ಗಾಳದ ದಾರದ ತುಂಡು ತೆಗೆದಳು. ಹೆಬ್ಬೆರಳಿನಿಂದ ಶುರು ಮಾಡಿ ಹಿಮ್ಮಡಿಯತ್ತ ಬಂದಳು.

"ಎಂತ ದೇಯಕ್ಕ," ಎಂದ ನೋಣಯ್ಯ, ಕಣ್ಣು ಮುಚ್ಚಿಕೊಂಡೇ. "ಬೇಗ ಶುರು ಮಾಡು. ಅಲ್ಲಿ ಮೀನು ಹಾಳಾಗ್ತದೆ."

ದೇಯಿ ಅಷ್ಟರಲ್ಲಿ ಆರು ಸಲ ಮುಟ್ಟಿ ಆಗಿತ್ತು.